ಐವತ್ತನ್ನು ಅರವತ್ತು ಮಾಡುತ್ತಿದ್ದ ಬತ್ತಿ ಸಾಬರು

ಕಳೆದ ವಾರ ನಮ್ಮ ಮನೆಯ ಮಿಕ್ಸಿ ಸುಟ್ಟುಹೋಯಿತು. ಬಂಗುಡೆ ಸಾರಿಗೆ ಮಸಾಲೆ ಕಡೆಯುತ್ತಿದ್ದೆ. ಕಾಯಿ ಹೆಚ್ಚಾಗಿ, ನೀರು ಕಡಿಮೆಯಾಗಿ, ಮಿಕ್ಸಿ ಒಮ್ಮೆ ಗುಂಯ್ಯೆಂದು ಏದುಸಿರು ಬಿಟ್ಟು ನಿಂತಿತು. ಹಿಂದೆಯೇ ಆ ವಾಸನೆ ಬಂತು. ಮೋಟಾರಿನ ತಂತಿಗೆ ಬಳಿದ ವಾರ್ನಿಷ್ ಸುಟ್ಟಾಗ ಬರುವ, ಗಂಟಲಿನ ಹಿಂಭಾಗಕ್ಕೆ ಅಂಟಿಕೊಂಡು ಕೂರುವ ವಾಸನೆ. ಗಂಡ ಓಡಿ ಬಂದು ಕಿಟಕಿ ತೆರೆದರು. "ಹೋಗ್ಲಿ ಬಿಡು, ಹಳೇದಾಗಿತ್ತ್" ಎಂದರು. ನಾನು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ನನಗೆ ಆಗ ಬಂದದ್ದು ದುಃಖವಲ್ಲ, ಸಿಟ್ಟು. ಅಂಥ ಸಿಟ್ಟನ್ನು ಒಂಬತ್ತು ವರ್ಷ ಇಟ್ಟುಕೊಂಡು ಬದುಕಬಹುದು ಎಂದು ನನಗೂ ಗೊತ್ತಿರಲಿಲ್ಲ...

ವಾಸನೆ ಹಿಡಿದು ಏನು ಸುಟ್ಟಿದೆ ಎಂದು ಹೇಳುವುದನ್ನು ನನಗೆ ಕಲಿಸಿದವರು ಬತ್ತಿ ಸಾಬರು. ಹಡಗಿನಲ್ಲಿ ಕರೆಂಟಿನ ಉಸ್ತುವಾರಿ ನೋಡುವ ಅಧಿಕಾರಿಯನ್ನು ನಮ್ಮ ನಾವಿಕರು ಕರೆಯುವುದೇ ಹಾಗೆ. ಬತ್ತಿ ಎಂದರೆ ದೀಪ, ಸಾಬ್ ಎಂದರೆ ಸಾಹೇಬ. ಇಪ್ಪತ್ತಾರು ವರ್ಷ ನೀರಿನ ಮೇಲಿದ್ದು ಮರವಂತೆಗೆ ಮರಳಿದಾಗ ಆ ಹೆಸರೂ ಅವರ ಪೆಟ್ಟಿಗೆಯ ಜೊತೆ ಊರಿಗೆ ಬಂತು. ಹೆಸರು ಕೇಳಿದ ಹೊಸಬರು ಅವರ ಜಾತಿ, ಧರ್ಮವನ್ನು ತಪ್ಪಾಗಿ ತಿಳಿದುಕೊಳ್ಳುತ್ತಿದ್ದರು. ತಿದ್ದುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಗಿಡ್ಡ ಮೈಕಟ್ಟು, ಮೆಲುದನಿ. ಯಂತ್ರದ ಮುಂದೆ ಯಾರಾದರೂ ಗಡಿಬಿಡಿ ಮಾಡಿದರೆ ಮಾತ್ರ ಕೆಂಡವಾಗುತ್ತಿದ್ದರು.

ತ್ರಾಸಿಯಲ್ಲಿ ಮುಚ್ಚಿಹೋದ ಐಸ್ ಪ್ಲಾಂಟ್ ಒಂದರ ಶೆಡ್ ಹಿಡಿದು ಅವರು ವರ್ಕ್‌ಶಾಪ್ ಹಾಕಿದ್ದರು. ಎಷ್ಟು ಸುಣ್ಣ ಬಳಿದರೂ ಅದರ ಗೋಡೆಗಳಿಂದ ಮೀನಿನ ವಾಸನೆ ಹೋಗಿರಲಿಲ್ಲ. ನಾನು ಆಗಷ್ಟೇ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದೆ. ಬ್ರಹ್ಮಾವರದಿಂದ ಕುಂದಾಪುರದವರೆಗೆ ಕೆಲಸ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ "ಮದುವೆ ಯಾವಾಗ?" ಎಂಬುದೇ ಆಗಿತ್ತು. ಬತ್ತಿ ಸಾಬರು ಅದನ್ನು ಕೇಳಲಿಲ್ಲ. ಮೀಟರ್ ಒಂದನ್ನು ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಪೆಟ್ಟಿಗೆ ತೋರಿಸಿ, "ಅದ್ರಗೆ ಕರೆಂಟ್ ಇತ್ತಾ ಕಾಣ್" ಎಂದರು. ನಾನು ನೇರ ಪೆಟ್ಟಿಗೆಗೆ ಹೋಗಲಿಲ್ಲ. ಮೊದಲು ಗೋಡೆಯ ಪ್ಲಗ್ಗಿಗೆ ಹಿಡಿದು ಮೀಟರ್ ಸರಿ ಇದೆಯೇ ಎಂದು ನೋಡಿದೆ. ಆಮೇಲೆ ಪೆಟ್ಟಿಗೆಯನ್ನು ನೋಡಿದೆ. ಮತ್ತೆ ಪ್ಲಗ್ಗಿಗೆ ಹಿಡಿದು ಮೀಟರ್ ನಡುವೆ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡೆ. "ನಾಳಿಂದ ಬಾ" ಎಂದರು. ಅಷ್ಟೇ ಸಂದರ್ಶನ.

ಅಲ್ಲಿ ನಾವು ಮಾಡುತ್ತಿದ್ದ ಕೆಲಸವನ್ನು ಮನೆಯಲ್ಲಿ ವಿವರಿಸಲು ನನಗೆ ಆಗುತ್ತಿರಲಿಲ್ಲ. ಒಂದು ದಿನ ಬ್ರಹ್ಮಾವರದ ನಮ್ಮ ಮನೆಗೆ ಬಂದಿದ್ದ ಬತ್ತಿ ಸಾಬರೇ ನಮ್ಮ ಅಮ್ಮನಿಗೆ ಹೇಳಿದರು. "ಕಾಣಿ, ನಮ್ಮೂರಿನ ಕರೆಂಟ್ ಸೆಕೆಂಡಿಗೆ ಐವತ್ ಸಲ ಹೋಯ್ ಬತ್ತ್. ಸುಮಾರ್ ಹಡ್ಗಿನ ಮೋಟ್ರಿಗೆ ಅರವತ್ ಸಲ ಹೋಯ್ ಬರ್ಕ್. ಐವತ್ತೇ ಕೊಟ್ರೆ ಮೋಟ್ರ್ ತಿರ್ಗತ್, ತಿರ್ಗುದಿಲ್ಲ ಅಂತ ಇಲ್ಲೆ. ಆದ್ರೆ ನಿಧಾನ ತಿರ್ಗತ್, ಮೈ ಬೆಚ್ಚ ಮಾಡ್ಕಂತ್, ಕಡಿಕ್ ಸುಟ್ಕಂತ್." ಅಮ್ಮನಿಗೆ ಅರ್ಥವಾಯಿತು. ಮೂರು ವರ್ಷ ಓದಿದ್ದ ನನಗೂ ಅದು ಅಷ್ಟು ಚೆನ್ನಾಗಿ ಅರ್ಥವಾದದ್ದು ಅಂದೇ.

ಹಡಗು ದುರಸ್ತಿಗೆ ಬಂದಾಗ ಅದರ ಸ್ವಂತ ಜನರೇಟರುಗಳನ್ನು ನಿಲ್ಲಿಸುತ್ತಾರೆ. ಆಗ ದಡದಿಂದ ಕರೆಂಟ್ ಕೊಡಬೇಕು, ಐವತ್ತನ್ನು ಅರವತ್ತು ಮಾಡಿಯೇ ಕೊಡಬೇಕು. ಹಿಂದೆಲ್ಲ ಅದಕ್ಕೊಂದು ದೊಡ್ಡ ಮೋಟಾರು, ಅದು ತಿರುಗಿಸುವ ಇನ್ನೊಂದು ಜನರೇಟರು. ಕಿವಿ ಕಿತ್ತುಹೋಗುವ ಸದ್ದು. ನಾವು ಮಾಡುತ್ತಿದ್ದ ಕನ್ವರ್ಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಊರಿನ ಕರೆಂಟನ್ನು ಮೊದಲು ಬ್ಯಾಟರಿಯ ಕರೆಂಟಿನಂತೆ ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿ, ಕೆಪಾಸಿಟರುಗಳಲ್ಲಿ ನಿಲ್ಲಿಸಿ, ಅಲ್ಲಿಂದ ಅಂಗೈಯಷ್ಟಗಲದ ಸ್ವಿಚ್ಚುಗಳು ಅದನ್ನು ಕತ್ತರಿಸಿ ಕತ್ತರಿಸಿ ಅರವತ್ತಾಗಿ ಹೊರಗೆ ಬಿಡುತ್ತಿದ್ದವು. ಕಪಾಟಿನೊಳಗೆ ನಡೆಯುವ ಈ ಕೆಲಸಕ್ಕೆ ಇದ್ದ ಸದ್ದೆಂದರೆ ಫ್ಯಾನಿನದು ಮಾತ್ರ. ಆಫ್ ಮಾಡಿದ ಮೇಲೂ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ. ಅದಕ್ಕೆ ಬಾಗಿಲು ತೆರೆಯುವ ಮೊದಲು ಹತ್ತು ನಿಮಿಷ ಕಾಯಬೇಕು. ಬತ್ತಿ ಸಾಬರು ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದರು. ಒಂಬತ್ತನೆಯ ನಿಮಿಷಕ್ಕೆ ಕೈ ಚಾಚಿದರೂ ಬೈಗುಳ ಬೀಳುತ್ತಿತ್ತು.

ನಾವು ಕಟ್ಟಿದ ದೊಡ್ಡ ಕನ್ವರ್ಟರ್ ಒಂದೇ. ಬೇರೆ ಊರಿನ ಹಡಗು ದುರಸ್ತಿಯ ಯಾರ್ಡ್ ಒಂದಕ್ಕೆ, ನಡುವೆ ಇದ್ದ ಗುತ್ತಿಗೆ ಕಂಪನಿಯ ಮೂಲಕ ಅದು ಹೋಯಿತು. ಯಾರ್ಡಿನ ಹೆಸರನ್ನೂ ಕಂಪನಿಯ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಹೆದರಿ ಅಲ್ಲ. ಅವರ ಹೆಸರು ಬರೆದು ನನ್ನ ಕೈ ಹೊಲಸು ಮಾಡಿಕೊಳ್ಳುವ ಮನಸ್ಸಿಲ್ಲ. ಎಂಟು ತಿಂಗಳು ದುಡಿದು ಕಟ್ಟಿದ್ದೆವು. ಅಲ್ಲಿ ಕಟ್ಟೆಯ ಮೇಲಿಟ್ಟು, ನನ್ನ ತೋಳಿನಷ್ಟು ದಪ್ಪದ ಕೇಬಲ್ ಎಳೆದು, ಒಂದು ವಿದೇಶಿ ಹಡಗಿಗೆ ಕರೆಂಟ್ ಕೊಟ್ಟ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಕತ್ತಲೆಯ ಗೂಡಿನಂತಿದ್ದ ಹಡಗಿನ ಕಿಟಕಿಗಳು ಒಂದೊಂದಾಗಿ ಬೆಳಗಿದವು. ಹಡಗಿನ ಸ್ವಿಚ್‌ಬೋರ್ಡಿನ ಮುಳ್ಳು ಅರವತ್ತಕ್ಕೆ ಬಂದು ಅಲುಗದೆ ನಿಂತಿತು. ಬತ್ತಿ ಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು, ಎರಡು ಸಲ.

ಅದೇ ಹೊತ್ತಿಗೆ ಹಡಗಿನ ಏಣಿಯ ಮೇಲಿಂದ ಒಂದು ದನಿ: "ಹ್ವಾಯ್, ನೀವ್ ಕುಂದಾಪ್ರ ಬದಿಯವ್ರಾ?" ನಾವಿಬ್ಬರು ಮಾತಾಡುವುದನ್ನು ಕೇಳಿಸಿಕೊಂಡಿದ್ದ ಎಂಜಿನ್ ರೂಮಿನ ಕೆಲಸಗಾರ. ಬೈಂದೂರಿನವನು. ಯಂತ್ರಗಳಿಗೆ ಎಣ್ಣೆ ಹಾಕಿ ನೋಡಿಕೊಳ್ಳುವುದು ಅವನ ಕೆಲಸ. ಅಷ್ಟು ದೂರದಲ್ಲಿ ಊರಿನ ಮಾತು ಸಿಕ್ಕಿದ ಖುಷಿಗೆ ಕೆಳಗಿಳಿದು ಬಂದು, ಕೈಯ ಗ್ರೀಸ್ ಒರೆಸಿಕೊಳ್ಳದೆಯೇ ಬತ್ತಿ ಸಾಬರ ಕೈ ಹಿಡಿದ. ಮಧ್ಯಾಹ್ನ ಹಡಗಿನ ಅಡುಗೆಮನೆಯಿಂದ ನಮಗೆ ಅನ್ನ, ಸಾರು ತಂದುಕೊಟ್ಟ. ಮಗಳು ಒಂದನೇ ತರಗತಿಗೆ ಸೇರಿದ್ದಾಳೆ ಎಂದು ಫೋನಿನಲ್ಲಿ ಫೋಟೋ ತೋರಿಸಿದ. ಸಮವಸ್ತ್ರ ಅವಳಿಗಿಂತ ದೊಡ್ಡದಾಗಿತ್ತು...

ಮೂರನೆಯ ವಾರದಿಂದ ಫೋನು ಶುರುವಾಯಿತು. ಕನ್ವರ್ಟರ್ ಪದೇಪದೇ ನಿಲ್ಲುತ್ತಿದೆ ಎಂದು ಗುತ್ತಿಗೆ ಕಂಪನಿಯ ಮ್ಯಾನೇಜರನ ದೂರು. ಹೋಗಿ ನೋಡಿದರೆ ಏಸಿ ಎಲ್ಲ ಓಡುತ್ತಿರುವಾಗಲೇ ಎರಡೆರಡು ದೊಡ್ಡ ಪಂಪುಗಳನ್ನು ಒಟ್ಟಿಗೆ ಚಾಲೂ ಮಾಡುತ್ತಿದ್ದರು. ಹೊರೆ ಮೀರಿದಾಗ ಕನ್ವರ್ಟರ್ ತನ್ನನ್ನೂ ಹಡಗನ್ನೂ ಉಳಿಸಿಕೊಳ್ಳಲು ನಿಲ್ಲುತ್ತಿತ್ತು. ಪಂಪುಗಳನ್ನು ಒಂದಾದ ಮೇಲೊಂದು ಶುರು ಮಾಡಿ ಎಂದು ಬತ್ತಿ ಸಾಬರು ತಿಳಿಸಿ ಹೇಳಿದರು. ಮ್ಯಾನೇಜರನಿಗೆ ಅಷ್ಟು ಪುರುಸೊತ್ತಿರಲಿಲ್ಲ. ನಿಲ್ಲಿಸುವ ಆ ಏರ್ಪಾಡನ್ನೇ ತೆಗೆದುಹಾಕಿ, ಇಲ್ಲದಿದ್ದರೆ ಯಾರ್ಡಿನ ಕರೆಂಟನ್ನೇ ನೇರ ಕೊಡುತ್ತೇನೆ ಎಂದ. ಬತ್ತಿ ಸಾಬರು ಎರಡೂ ಆಗದು ಎಂದರು. ಬಾಯಲ್ಲಿ ಹೇಳಿದ್ದು ಸಾಲದೆಂದು ಪತ್ರ ಬರೆದು ಕೊಟ್ಟರು. ಅದೂ ಸಾಲದೆಂದು ಕೆಂಪು ಬಣ್ಣ ತರಿಸಿ, ಕೇಬಲ್ ಬದಲಿಸುವ ಪೆಟ್ಟಿಗೆಯ ಮೇಲೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ನನ್ನಿಂದ ಬರೆಸಿದರು: ಈ ಹಡಗಿಗೆ ನೇರ ಕರೆಂಟ್ ಕೊಡಬೇಡಿ. ವಾಪಸು ಬರುವಾಗ ರೈಲು ಭಟ್ಕಳ ದಾಟಿದ ಮೇಲೆ ಅವರದು ಒಂದೇ ಮಾತು: "ಅಂವ ಕೇಂತಿಲ್ಲೆ ಮಗಾ."

ಕೇಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕನ್ವರ್ಟರನ್ನು ನಿಲ್ಲಿಸಿ, ಕೇಬಲ್ ಬದಲಿಸಿ, ಯಾರ್ಡಿನ ಐವತ್ತನ್ನೇ ಹಡಗಿಗೆ ಕೊಟ್ಟರು. ಲೈಟು ಉರಿಯಿತು, ಪಂಪು ತಿರುಗಿತು, ಎಲ್ಲ ಸರಿಯಿದೆ ಎಂದುಕೊಂಡರು. ಕೆಳ ಅಂತಸ್ತಿನ ಮುಚ್ಚಿದ ಕೋಣೆಯಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಒಂದಿತ್ತು. ಅದು ಬಿಸಿಯಾಗತೊಡಗಿತು. ಆ ಕೋಣೆಗೆ ಗಾಳಿ ಹಾಕುವ ಫ್ಯಾನೂ ನಿಧಾನ ತಿರುಗುತ್ತಿತ್ತು. ಮಧ್ಯಾಹ್ನದ ಊಟದ ನಂತರ ವಾಸನೆ ಬಂತೆಂದು ಬೈಂದೂರಿನವನು ನೋಡಲು ಇಳಿದ. ಅವನ ಕೆಲಸವೇ ಅದಲ್ಲವೇ, ವಾಸನೆ ಬಂದರೆ ನೋಡುವುದು. ಬಾಗಿಲು ತೆರೆದದ್ದೇ ಹೊಗೆ ಮುಚ್ಚಿಕೊಂಡಿತು. ಅವನನ್ನು ಮೇಲೆ ತರುವಾಗ ಉಸಿರಿರಲಿಲ್ಲ.

ನಮಗೆ ಫೋನು ಬಂದದ್ದು "ನಿಮ್ಮ ಮೆಷಿನ್ ಒಬ್ಬನನ್ನು ಕೊಂದಿತು" ಎಂದು. ಬತ್ತಿ ಸಾಬರು ಮತ್ತು ನಾನು ಸಿಕ್ಕಿದ ರೈಲು ಹತ್ತಿ ಮಾರನೆಯ ಬೆಳಿಗ್ಗೆ ಅಲ್ಲಿದ್ದೆವು. ಅವರು ಮೊದಲು ಮಾಡಿದ್ದು, ಕನ್ವರ್ಟರಿನ ಬಾಗಿಲು ತೆರೆದು ಮೂಗು ಒಳಗೆ ಹಾಕಿದ್ದು. ಏನೂ ಸುಟ್ಟಿರಲಿಲ್ಲ. ಹೊಸ ಬಣ್ಣದ ವಾಸನೆಯೇ ಇತ್ತು. ಎಷ್ಟು ಹೊತ್ತಿಗೆ ಓಡಿತು, ಯಾವಾಗ ನಿಂತಿತು, ಯಾಕೆ ನಿಂತಿತು ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವ ಬೋರ್ಡ್ ಒಂದನ್ನು ಅದರಲ್ಲಿ ನಾವೇ ಕೂರಿಸಿದ್ದೆವು. ಅದರ ಕೊನೆಯ ಸಾಲು ಸ್ಪಷ್ಟವಾಗಿತ್ತು: ಹಿಂದಿನ ದಿನ ಬೆಳಿಗ್ಗೆ ಹತ್ತು ಗಂಟೆ ಎಂಟು ನಿಮಿಷಕ್ಕೆ ಕೈಯಿಂದ ನಿಲ್ಲಿಸಲಾಗಿದೆ. ಆಮೇಲೆ ಅದು ಓಡಿಯೇ ಇಲ್ಲ. "ಬರ್ಕೊ" ಎಂದರು. ನಾನು ನನ್ನ ಕೆಲಸದ ಪುಸ್ತಕದಲ್ಲಿ ಎಲ್ಲವನ್ನೂ ಬರೆದೆ, ಇಬ್ಬರೂ ಸಹಿ ಹಾಕಿದೆವು.

ವಿಚಾರಣೆಯವರು ಬಂದದ್ದು ಮೂರು ದಿನ ಬಿಟ್ಟು. ಅಷ್ಟರಲ್ಲಿ ಆ ಬೋರ್ಡ್ ಇರಲಿಲ್ಲ. ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ಎಲ್ಲಿಗೆಂದು ಯಾರೂ ಹೇಳಲಿಲ್ಲ. ನೇರ ಕರೆಂಟಿನ ಕೇಬಲ್ಲೂ ಇರಲಿಲ್ಲ. ನಾನು ಕೆಂಪಿನಲ್ಲಿ ಬರೆದ ಪೆಟ್ಟಿಗೆಯ ಮೇಲೆ ಬೂದು ಬಣ್ಣ ಬಳಿದಿದ್ದರು. ಆ ಬಣ್ಣ ಇನ್ನೂ ಒಣಗಿರಲಿಲ್ಲ, ನನ್ನ ಬೆರಳಿಗೆ ಅಂಟಿತು! ಆ ಬೆರಳನ್ನೇ ಎತ್ತಿ ತೋರಿಸುತ್ತಾ ನಾನು ಮಾತಾಡಲು ಎದ್ದು ನಿಂತೆ. ಮೇಜಿನ ಆಚೆ ಕೂತವರಲ್ಲಿ ಒಬ್ಬರು, "ಈ ಹುಡುಗಿ ಯಾರು?" ಎಂದು ಮ್ಯಾನೇಜರನ ಮುಖ ನೋಡಿದರು. ಅವನು "ಹೆಲ್ಪರ್, ಸರ್" ಎಂದ. ನನ್ನ ಪುಸ್ತಕವನ್ನು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ವರದಿ ಬಂತು: ಕನ್ವರ್ಟರಿನಿಂದ ಬಂದ ಅಸ್ಥಿರ ವಿದ್ಯುತ್ತೇ ಕಾರಣ. ಬತ್ತಿ ಸಾಬರ ಹೆಸರು, ವರ್ಕ್‌ಶಾಪಿನ ಹೆಸರು ಕಪ್ಪುಪಟ್ಟಿ ಸೇರಿದವು. ಒಂದು ಯಾರ್ಡಿನ ಪಟ್ಟಿಗೆ ಸೇರಿದ ಹೆಸರು ಉಳಿದ ಯಾರ್ಡುಗಳಿಗೆ ತಲುಪಲು ಎಷ್ಟು ದಿನ ಬೇಕು?

ಆಮೇಲೆ ಅವರು ಮಾಡಿದ ಒಂದು ಕೆಲಸವನ್ನು ನಾನು ಸಾಯುವ ತನಕ ಮರೆಯಲಾರೆ. ನನ್ನನ್ನು ಕರೆದುಕೊಂಡು ಬೈಂದೂರಿಗೆ, ಆ ಸತ್ತವನ ಮನೆಗೆ ಹೋದರು. ಅವನ ಹೆಂಡತಿ ಗೇರುಬೀಜದ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದಳು. ಬೆರಳುಗಳು ಸಿಪ್ಪೆಯ ಎಣ್ಣೆಗೆ ಕಪ್ಪಾಗಿದ್ದವು. ನಮ್ಮನ್ನು ಕೂರಿ ಎನ್ನಲಿಲ್ಲ. ಗಂಡನನ್ನು ಕೊಂದ ಮೆಷಿನ್ನಿನವರು ಇವರೇ ಎಂದು ಅವಳಿಗೆ ಹೇಳಿದ್ದರಲ್ಲ! ಬತ್ತಿ ಸಾಬರು ಅಂಗಳದಲ್ಲೇ ನಿಂತು, ಮೊದಲಿನಿಂದ ಕೊನೆಯ ತನಕ ನಡೆದದ್ದನ್ನು ಹೇಳಿದರು. ಅವಳು ಅಲುಗದೆ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಹಾಕಿದಳು.

"ಹಂಗಾರೆ ನಿಮ್ಮ ಮಿಷನ್ ಓಡ್ತಾ ಇದ್ದಿರೆ ಇವ್ರ್ ಬದ್ಕತಿದ್ರಾ?"

"ಹೌದ್" ಎಂದರು ಬತ್ತಿ ಸಾಬರು.

"ಹಂಗಾರೆ ಅದನ್ನ್ ಬರ್ದ್ ಕೊಡಿ. ಬಾಯಲ್ ಹೇಳಿರೆ ನಂಗ್ ಎಂತ ಆತ್?"

ಅವರು ಅಲ್ಲೇ ಜಗಲಿಯಲ್ಲಿ ಕೂತು ಬರೆದರು. ಆ ಪುಟ್ಟ ಹುಡುಗಿಯ ಶಾಲೆಯ ನೋಟ್‌ಬುಕ್ಕಿನ ಹಾಳೆಗಳು, ನಾಲ್ಕು ಪುಟ. ಕೆಳಗೆ ಸಹಿ ಹಾಕಿ ನನ್ನ ಕಡೆ ಚಾಚಿದರು. ನಾನೂ ಹಾಕಿದೆ. ಆ ಕಾಗದ ಹಿಡಿದು ಅವಳು ಕೋರ್ಟಿಗೆ ಹೋದಳು. ಓದು ಅಷ್ಟಿಲ್ಲದ, ದಿನವಿಡೀ ಬೀಜ ಒಡೆಯುವ ಹೆಂಗಸು ಹೋದಳು. ಹೋಗದಿದ್ದವಳು ನಾನು.

ಇಲ್ಲಿಂದ ಮುಂದಿನದನ್ನು ಬರೆಯುವಾಗ ನನ್ನ ಸಿಟ್ಟಿಗೆ ಬೇರೆಯವರ ಮುಖ ಸಿಗುವುದಿಲ್ಲ. ಕಂಪನಿಯ ಕಡೆಯ ಇಬ್ಬರು ನಮ್ಮ ಮನೆಗೆ ಬಂದು, ನಿಮ್ಮ ಮಗಳಿಗೆ ಕೋರ್ಟು ಕಚೇರಿ ಯಾಕೆ, ಮದುವೆಯಾಗುವ ಹುಡುಗಿ ಎಂದು ಅಪ್ಪನಿಗೆ ನಯವಾಗಿ ಹೇಳಿ ಹೋದರು. ಅಪ್ಪ ನನ್ನನ್ನು ವರ್ಕ್‌ಶಾಪ್ ಬಿಡಿಸಿದರು. ನಾನು ಬಿಟ್ಟೆ. ನಾನು ಚಿಕ್ಕವಳೇನೂ ಆಗಿರಲಿಲ್ಲ, ಇಪ್ಪತ್ತನಾಲ್ಕು ತುಂಬಿತ್ತು. ಜಗಳ ಮಾಡಬಹುದಿತ್ತು. ಮಾಡಲಿಲ್ಲ. ಆ ಪುಸ್ತಕವನ್ನು ಮಾತ್ರ ಯಾರಿಗೂ ಕೊಡದೆ ಸೀರೆಗಳ ಅಡಿಯಲ್ಲಿಟ್ಟುಕೊಂಡೆ. ಅದೇ ದೊಡ್ಡ ಧೈರ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಮದುವೆಯಾಯಿತು, ಮಗುವಾಯಿತು. ಸಾಕ್ಷಿ ಹೇಳುವ ದಿನ ಹತ್ತಿರ ಬಂದಾಗ ಬತ್ತಿ ಸಾಬರು ಫೋನ್ ಮಾಡಿದರು. ಒಂದು ವಾರದಲ್ಲಿ ಆರು ಸಲ. ಫೋನಿನ ಮೇಲೆ ಅವರ ಹೆಸರು ಮೂಡುವುದನ್ನು, ರಿಂಗಾಗಿ ನಿಲ್ಲುವುದನ್ನು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತಿದ್ದೆ...

ಅವರು ಒಬ್ಬರೇ ಹೋದರು. ಬೋರ್ಡ್ ಎಲ್ಲಿ, ಪುಸ್ತಕ ಎಲ್ಲಿ, ಇನ್ನೊಬ್ಬ ಸಾಕ್ಷಿ ಎಲ್ಲಿ ಎಂದು ಕಂಪನಿಯ ವಕೀಲ ಕೇಳಿದನಂತೆ. ನನ್ನ ಮನೆಯ ವಿಳಾಸ ಬತ್ತಿ ಸಾಬರಿಗೆ ಗೊತ್ತಿತ್ತು, ಆದರೂ ಕೊಡಲಿಲ್ಲ. "ಅವ್ಳಿಗೆ ಸಣ್ಣ ಮಗು ಇತ್, ಬಪ್ಪುಕೆ ಆತಿಲ್ಲೆ" ಎಂದು ಕೋರ್ಟಿನ ಹೊರಗೆ ಆ ಬೈಂದೂರಿನ ಹೆಂಗಸಿಗೆ ಹೇಳಿದರಂತೆ. ನನ್ನ ಪರ ವಾದಿಸಿದ್ದರು! ಅದೇ ವರ್ಷ ಮಳೆಗಾಲಕ್ಕೆ ಮೊದಲು, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಾವಿಕಟ್ಟೆಯ ಹತ್ತಿರ ಕುಸಿದರು. ಸುದ್ದಿ ತಿಳಿದು ನಾನು ಮರವಂತೆಗೆ ಹೋದಾಗ ಎಲ್ಲ ಮುಗಿದಿತ್ತು.

ಆ ಮಳೆಗಾಲದಲ್ಲೇ ಬೈಂದೂರಿನ ಹೆಂಗಸು ಹುಡುಕಿಕೊಂಡು ಬ್ರಹ್ಮಾವರದಲ್ಲೇ ಇದ್ದ ನನ್ನ ಗಂಡನ ಮನೆಗೆ ಬಂದಳು. ಒದ್ದೆ ಕೊಡೆಯನ್ನು ಮೆಟ್ಟಿಲ ಮೇಲಿಟ್ಟು, ಒಳಗೂ ಬಾರದೆ, "ಈಗ ಅವ್ರೂ ಇಲ್ಲೆ. ಇನ್ನ್ ನೀನೇ ಬರ್ಕ್" ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಒಳಗೆ ಹೋಗಿ ಸೀರೆಗಳ ಅಡಿಯಿಂದ ಪುಸ್ತಕ ತೆಗೆದೆ. ಮಾವ ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಸಾಕ್ಷಿಕಟ್ಟೆಯಲ್ಲಿ ನಿಂತು ಪ್ರತಿ ಸಾಲನ್ನೂ ಓದಿದೆ. ಹತ್ತು ಗಂಟೆ ಎಂಟು ನಿಮಿಷ, ಕೈಯಿಂದ ನಿಲ್ಲಿಸಲಾಗಿದೆ. ಹೆಲ್ಪರ್ ಅಲ್ಲವೇ ನೀವು ಎಂದು ವಕೀಲ ಕೇಳಿದ. ಅಲ್ಲ, ಆ ಮೆಷಿನ್ ಕಟ್ಟಿದವಳು ಎಂದೆ. ಅಂದು ಯಾರ್ಡಿನ ಕೋಣೆಯಲ್ಲಿ ಹೇಳಬೇಕಾಗಿದ್ದ ಮಾತು ಅದು.

ಕೇಸು ಇನ್ನೂ ವರ್ಷಗಟ್ಟಲೆ ಎಳೆಯಿತು. ಹೋದ ವರ್ಷ ತೀರ್ಪು ಬಂತು. ಹಡಗಿಗೆ ನೇರ ಕರೆಂಟ್ ಕೊಟ್ಟದ್ದೇ ಸಾವಿಗೆ ಕಾರಣವೆಂದು ಕೋರ್ಟು ಒಪ್ಪಿತು. ಆ ಹೆಂಗಸಿಗೆ ಪರಿಹಾರ ಸಿಕ್ಕಿತು, ಮಗಳು ಈಗ ಹೈಸ್ಕೂಲು. ಮ್ಯಾನೇಜರ್ ಅಷ್ಟರಲ್ಲಿ ಕಂಪನಿಯಲ್ಲಿ ಎರಡು ಮೆಟ್ಟಿಲು ಮೇಲೇರಿದ್ದ, ಈಗಲೂ ಅಲ್ಲೇ ಇದ್ದಾನೆ. ಬತ್ತಿ ಸಾಬರ ಹೆಂಡತಿ ಅಂಗನವಾಡಿ ಟೀಚರ್ ಆಗಿದ್ದವರು. ವರ್ಕ್‌ಶಾಪಿನವರಿಗೆಲ್ಲ ಅವರು ಅಕ್ಕ. ತೀರ್ಪಿನ ಪ್ರತಿ ಹಿಡಿದು ಮರವಂತೆಗೆ ಹೋಗಿ, ಇಂಗ್ಲಿಷಿನಲ್ಲಿದ್ದುದನ್ನು ಅವರಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಎಲ್ಲ ಕೇಳಿಸಿಕೊಂಡು ಅವರು, "ಇವ್ರದ್ದ್ ತಪ್ಪಿಲ್ಲೆ ಅಂತ ಬರ್ದಿರಾ?" ಎಂದರು. ಬರೆದಿರಲಿಲ್ಲ. ಅವರು ಆ ಕೇಸಿನಲ್ಲಿ ಬರೀ ಸಾಕ್ಷಿ. ಸತ್ತ ಸಾಕ್ಷಿಯ ಮಾನ ಯಾರ ಪ್ರಶ್ನೆಯೂ ಆಗಿರಲಿಲ್ಲ.

"ಇಲ್ಲೆ ಅಕ್ಕ" ಎಂದೆ.

ಆ ಕಪ್ಪುಪಟ್ಟಿಯಿಂದ ಅವರ ಹೆಸರು ತೆಗೆಯಿರಿ ಎಂದು ತೀರ್ಪಿನ ಪ್ರತಿ ಇಟ್ಟು ಯಾರ್ಡಿಗೆ ಅರ್ಜಿ ಬರೆದೆ. ಐದು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ಸದರಿ ಸಂಸ್ಥೆ ಈಗ ಅಸ್ತಿತ್ವದಲ್ಲಿಲ್ಲ, ಆದ್ದರಿಂದ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ. ಕೆಲಸ ಬಾರದೆ ಮುಚ್ಚಿಹೋದ ವರ್ಕ್‌ಶಾಪ್ ಅಸ್ತಿತ್ವದಲ್ಲಿಲ್ಲವಂತೆ! ಇಲ್ಲವಾಗಿಸಿದ್ದು ಯಾರು? ಹೆಸರಿಗೆ ಮಸಿ ಬಳಿಯುವಾಗ ಬೇಕಾಗಿದ್ದ ಅಸ್ತಿತ್ವ, ಒರೆಸುವಾಗ ಎಲ್ಲಿ ಹೋಯಿತು? ಇದನ್ನೂ ಮರವಂತೆಗೆ ಹೋಗಿ ಓದಿ ಹೇಳಿದೆ. ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ ಮೇಲಿಂದ ಕೆಳಗೆ ನೋಡಿ, ಮಡಚಿ ನನಗೇ ಕೊಟ್ಟರು. "ಮತ್ತೊಂದ್ ಬರಿ" ಎಂದರು.

ಈ ಬರಹದಲ್ಲಿ ನಾನು ಬತ್ತಿ ಸಾಬರ ನಿಜ ಹೆಸರು ಹಾಕಿಲ್ಲ. ಆ ಪಟ್ಟಿಯಲ್ಲಿ ಅದು ಇರುವ ತನಕ ಬೇರೆಲ್ಲೂ ಅಚ್ಚಾಗುವುದು ನನಗೆ ಬೇಡ. ಇಂದು ಬೆಳಿಗ್ಗೆ ಎರಡನೆಯ ಅರ್ಜಿ ತುಂಬಿದೆ. ಈ ಸಲ ಒಂದು ನಮೂನೆ ಕಳಿಸಿದ್ದಾರೆ. ಅದರಲ್ಲೊಂದು ಪ್ರಶ್ನೆ, ಅರ್ಜಿದಾರರಿಗೂ ಸದರಿ ವ್ಯಕ್ತಿಗೂ ಇರುವ ಸಂಬಂಧವೇನು ಎಂದು. "ಅವರ ಹತ್ತಿರ ಕೆಲಸ ಕಲಿತವಳು" ಎಂದು ಬರೆದೆ. ಕರೆದಾಗ ಹೋಗದಿದ್ದವಳು ಎಂದೂ ಬರೆಯಬೇಕಿತ್ತು. ಅಷ್ಟು ಜಾಗ ಆ ಗೆರೆಯ ಮೇಲೆ ಇರಲಿಲ್ಲ.